ಬಜಿ ಬಿಸಿ ಐತಿ, ಎಣ್ಣಿ ಎಷ್ಟ್ ದಿನದ್ದು? ಗದಗಿನ ಕಡಾಯಿಯೊಳಗೆ ಒಂದು ಇಣುಕು

ಗದಗ: ಸಂಜೆ ಐದಾಯ್ತು ಅಂದ್ರೆ ನಮ್ಮ ಗದಗ-ಬೆಟಗೇರಿ ಅವಳಿ ನಗರದ ಮಂದಿಗೆ ಗಡಿಯಾರ ಬೇಕಾಗಿಲ್ಲ, ಮೂಗು ಸಾಕು. ಬಸ್ ಸ್ಟ್ಯಾಂಡ್ ಕಡೆಯಿಂದ ಮಿರ್ಚಿ ವಾಸನೆ ಬಂತು ಅಂದ್ರೆ ಆಫೀಸ್ ಬಿಡೋ ಹೊತ್ತಾಯ್ತು ಅಂತಲೇ ಅರ್ಥ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಯಾವ ಊರಿಗೆ ಹೋದರೂ ಕಥೆ ಇದೇ. ಮದುವೆಗೆ ಹೆಣ್ಣು ನೋಡಾಕ ಹೋದವರಿಗೂ ಬಜಿ, ಮಾತು ಮುರಿದು ವಾಪಸ್ ಬಂದವರಿಗೂ ಬಜಿ. ಮಳೆ ಬಂದರೆ ಖುಷಿಗೆ ಮಿರ್ಚಿ, ಬರದಿದ್ದರೆ ಚಿಂತೆಗೆ ಮಿರ್ಚಿ. ಜೊತೆಗೆ ಒಂದು ಪ್ಲೇಟ್ ಗಿರ್ಮಿಟ್, ಮೇಲೊಂದು ಕಟ್ ಚಾ. ಗದಗಿನ ಬದನಿಕಾಯಿ ಬಜಿಗೆ ಬೇರೆ ಜಿಲ್ಲೆಯವರೂ ಬಸ್ ಇಳಿದು ಕ್ಯೂ ಹಚ್ಚುತ್ತಾರೆ.

ಇಷ್ಟೆಲ್ಲ ತಿನ್ನೋ ನಾವು ಬಜಿಯವನಿಗೆ ಕೇಳೋ ಪ್ರಶ್ನೆಗಳು ಎರಡೇ. ಒಂದು, "ಬಿಸಿ ಅದಾವೇನ್ರೀ?" ಎರಡು, "ಚಟ್ನಿ ಇನ್ನಷ್ಟು ಹಾಕ್ರೀ." ಮೂರನೇ ಪ್ರಶ್ನೆ ಒಂದಿದೆ, ಅದನ್ನು ಯಾರೂ ಕೇಳೋದಿಲ್ಲ: "ಈ ಎಣ್ಣಿ ಎಷ್ಟ್ ದಿನದ್ದು?" ಕೇಳಿದರೆ ಬಜಿಯವರು ನಮ್ಮನ್ನು ಇನ್‌ಕಮ್ ಟ್ಯಾಕ್ಸ್‌ನವರನ್ನು ನೋಡಿದಂಗೆ ನೋಡ್ತಾರೆ ಅನ್ನೋ ಹೆದರಿಕೆ. ಇವತ್ತಿನ ಲೇಖನ ಆ ಮೂರನೇ ಪ್ರಶ್ನೆ ಬಗ್ಗೆ.

ಮೊದಲೇ ಹೇಳಿಬಿಡ್ತೀನಿ, ಇದು ಬಜಿ ತಿನ್ನಬೇಡಿ ಅನ್ನೋ ಲೇಖನ ಅಲ್ಲ. ಹಂಗ ಬರೆದರೆ ಈ ಊರಲ್ಲಿ ನನಗೆ ತಿರುಗಾಡೋಕೆ ಆಗೋದಿಲ್ಲ.

*ನಾನು ಹೇಳೋಕೆ ಯಾರು?*

ಡಿಗ್ರಿ ಎರಡನೇ ವರ್ಷದಲ್ಲಿ ಕೆಮಿಸ್ಟ್ರಿ ನನ್ನನ್ನು ಬಿಟ್ಟಿತೋ, ನಾನು ಕೆಮಿಸ್ಟ್ರಿಯನ್ನು ಬಿಟ್ಟೆನೋ, ಅದು ಇನ್ನೂ ತೀರ್ಮಾನ ಆಗಿಲ್ಲ. ಕಾಲೇಜು ಬಿಟ್ಟ ಮೇಲೆ ಒಂದಷ್ಟು ತಿಂಗಳು ನಮ್ಮ ಮಾವನ ಬಜಿ ಗಾಡಿಯಲ್ಲಿ ನಿಂತಿದ್ದೆ. ನನ್ನ ಕೆಲಸ ಮೂರು: ಮೆಣಸಿನಕಾಯಿ ಸೀಳೋದು, ಪ್ಲೇಟ್ ತೊಳೆಯೋದು, ಕಡಾಯಿಯಲ್ಲಿ ಎಣ್ಣೆ ಇಳಿದಂಗೆ ಮೇಲಿಂದ ಮೇಲೆ ಹೊಸ ಎಣ್ಣೆ ಸುರಿಯೋದು. ಕೆಳಗಿನ ಎಣ್ಣೆ ಯಾವ ವಾರದ್ದು ಅಂತ ನಾನೂ ಕೇಳಲಿಲ್ಲ, ಮಾವನೂ ಹೇಳಲಿಲ್ಲ. ಬ್ಯಾಕ್‌ಲಾಗ್ ಉಳಿಸಿಕೊಂಡಿದ್ದ ಪಾಠವನ್ನೇ ನಾನು ಕಡಾಯಿ ಮುಂದೆ ನಿಂತು ಪ್ರಾಕ್ಟಿಕಲ್ ಮಾಡ್ತಿದ್ದೆ ಅಂತ ಗೊತ್ತಾಗಿದ್ದು ಆಮೇಲೆ. ಹಿಂಗಾಗಿ ಈ ಲೇಖನದಲ್ಲಿ ಮೊದಲನೇ ಆರೋಪಿ ನಾನೇ.

*ಕಡಾಯಿಯೊಳಗೆ ನಡೆಯೋದೇನು?*

ಬಜಿ ಕರಿಯೋದು ಅಂದರೆ ಬಿಸಿ ಎಣ್ಣೆಯಲ್ಲಿ ಹಿಟ್ಟಿನ ನೀರನ್ನು ಓಡಿಸೋದು. ಎಣ್ಣೆ ಸುಮಾರು 175ರಿಂದ 180 ಡಿಗ್ರಿ ಕಾದಿರುತ್ತದೆ. ನೀರು ಕುದಿಯೋದು 100 ಡಿಗ್ರಿಗೆ. ಕಡಲೆಹಿಟ್ಟಿನಲ್ಲಿ ಅದ್ದಿದ ಮೆಣಸಿನಕಾಯಿ ಎಣ್ಣೆಗೆ ಬಿದ್ದ ಕೂಡಲೇ ಹಿಟ್ಟಿನಲ್ಲಿರೋ ನೀರು ಆವಿಯಾಗಿ ಹೊರಗೆ ನುಗ್ಗುತ್ತದೆ. ನಾವು ನೋಡೋ ಗುಳ್ಳೆ, ಕೇಳೋ ಚುಂಯ್ ಸದ್ದು ಎಲ್ಲ ಆ ಆವಿಯದೇ. ಎಣ್ಣೆ ತಾನೇ ಕುದಿಯೋದಿಲ್ಲ.

ಇದರಲ್ಲೊಂದು ತಮಾಷೆ ಇದೆ. ಆವಿ ಹೊರಗೆ ನುಗ್ಗುತ್ತಾ ಇರೋತನಕ ಎಣ್ಣೆ ಒಳಗೆ ಬರೋಕೆ ಜಾಗ ಸಿಗೋದಿಲ್ಲ. ತುಂಬಿದ ಬಸ್ಸಿಂದ ಮಂದಿ ಇಳಿಯುತ್ತಿರುವಾಗ ಹತ್ತೋಕೆ ಹೋದಂಗೆ. ಎಣ್ಣೆ ಸರಿಯಾಗಿ ಕಾದಿರದಿದ್ದರೆ ಆವಿಯ ಜೋರು ಕಡಿಮೆ, ಮೇಲಿನ ಪದರ ಗಟ್ಟಿ ಆಗೋದು ತಡ, ಬಜಿ ಎಣ್ಣೆ ಕುಡಿಯುತ್ತಾ ಕೂರುತ್ತದೆ. ತೆಗೆದಿಟ್ಟ ಮೇಲೂ ಅಷ್ಟೇ. ಬಜಿ ತಣ್ಣಗಾಗುತ್ತಾ ಒಳಗಿನ ಆವಿ ಇಳಿದಾಗ ಮೇಲೆ ಅಂಟಿದ ಎಣ್ಣೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಅನುಭವ ಇದ್ದವರು ಝಾರಿಯಲ್ಲಿ ಎತ್ತಿದ ತಕ್ಷಣ ಎರಡು ಸಲ ಕೊಡವುತ್ತಾರೆ. ಅದು ಸ್ಟೈಲ್ ಅಲ್ಲ ರೀ, ವಿಜ್ಞಾನ.

ಒಮ್ಮೆಲೇ ನಲವತ್ತು ಮಿರ್ಚಿ ಬಿಟ್ಟರೆ ಕಾದ ಎಣ್ಣೆ ತಟ್ಟನೆ ತಣ್ಣಗಾಗುತ್ತದೆ. ಗಿರಾಕಿ ಅವಸರ ಮಾಡಿದ್ದಕ್ಕೆ ಕಡಾಯಿ ತುಂಬಿದರೆ, ಅವಸರ ಮಾಡಿದವನ ಕೈಗೇ ಎಣ್ಣೆ ಸೋರೋ ಬಜಿ ಬರುತ್ತದೆ. ಸೋಡಾ ಕಥೆಯೂ ಹಂಗೇ. ಅಡುಗೆ ಸೋಡಾ ಹೆಚ್ಚಾದರೆ ಬಜಿ ಉಬ್ಬುತ್ತದೆ, ಬಣ್ಣ ಬೇಗ ಬರುತ್ತದೆ, ಎಣ್ಣೆಯನ್ನೂ ಹೆಚ್ಚು ಹೀರುತ್ತದೆ. ಹಿಟ್ಟು ಉಳಿಸೋಕೆ ಹೋಗಿ ಎಣ್ಣೆ ಕಳೆದುಕೊಳ್ಳೋ ಲೆಕ್ಕ ಅದು.

ಇನ್ನು ಮೆಣಸಿನಕಾಯಿ ಸೀಳೋದು ಯಾಕೆ? ಮಸಾಲೆ ತುಂಬೋಕೆ ಅಂತ ನಾನೂ ಅಂದುಕೊಂಡಿದ್ದೆ. ಮೆಣಸಿನಕಾಯಿ ಒಳಗೆ ಟೊಳ್ಳು. ಸೀಳದೆ ಹಾಕಿದರೆ ಒಳಗೆ ಆವಿ ಕಟ್ಟಿಕೊಂಡು ಫಟ್ ಅಂತ ಒಡೆಯುತ್ತದೆ, ಕಾದ ಎಣ್ಣೆ ಮುಖಕ್ಕೆ ಹಾರುತ್ತದೆ. ಒಂದು ಸೀಳು ಹಾಕಿದರೆ ಆವಿಗೆ ದಾರಿ ಸಿಗುತ್ತದೆ. ಕುಕ್ಕರ್‌ಗೆ ಸೀಟಿ ಹೆಂಗೋ, ಮಿರ್ಚಿಗೆ ಸೀಳು ಹಂಗ.

*ಎಣ್ಣೆಗೂ ವಯಸ್ಸಾಗ್ತದೆ*

ಈಗ ಮುಖ್ಯ ವಿಷಯ. ಎಣ್ಣೆಯನ್ನು ಮೂರು ಮಂದಿ ಸೇರಿ ಮುದುಕ ಮಾಡುತ್ತಾರೆ: ನೀರು, ಗಾಳಿ, ಶಾಖ. ಹಿಟ್ಟಿನಿಂದ ಬಂದ ನೀರು ಎಣ್ಣೆಯ ಕಣಗಳನ್ನು ಒಡೆದು ಕೊಬ್ಬಿನಾಮ್ಲ ಬಿಡಿಸುತ್ತದೆ. ಗಾಳಿಯ ಆಮ್ಲಜನಕ ಎಣ್ಣೆಯನ್ನು ಹಳಸಿಸುತ್ತದೆ, ಮುಗ್ಗಲು ವಾಸನೆ ಬರೋದು ಅದರಿಂದ. ತಾಸುಗಟ್ಟಲೆ ಕಾದರೆ ಒಡೆದ ಕಣಗಳೇ ಒಂದಕ್ಕೊಂದು ಅಂಟಿಕೊಂಡು ಎಣ್ಣೆ ದಪ್ಪ ಆಗುತ್ತದೆ. ಹಳೇ ಕಡಾಯಿಯ ಅಂಚಿನಲ್ಲಿ ಡಾಂಬರಿನಂಥ ಅಂಟು ಇರುತ್ತಲ್ಲ, ಉಜ್ಜಿದರೂ ಹೋಗದಂಥದ್ದು, ಅದು ಇದೇ. ಇದಕ್ಕೆ ಸುಟ್ಟ ಹಿಟ್ಟಿನ ಚೂರು ಸೇರಿದರೆ ಕೇಳೋದೇ ಬೇಡ. ಕೆಡೋದು ಇನ್ನೂ ಬೇಗ.

ಹಿಂಗೆ ಒಡೆದು, ಹಳಸಿ, ಅಂಟಿಕೊಂಡ ಎಲ್ಲ ಸಾಮಾನನ್ನೂ ಒಟ್ಟು ಹಾಕಿ 'ಟೋಟಲ್ ಪೋಲಾರ್ ಕಾಂಪೌಂಡ್' ಅಂತಾರೆ, ಚಿಕ್ಕದಾಗಿ ಟಿಪಿಸಿ. ಇದು ಎಣ್ಣೆಯ ಆಧಾರ್ ಕಾರ್ಡ್ ಇದ್ದಂಗೆ, ವಯಸ್ಸು ಮುಚ್ಚಿಡೋಕೆ ಆಗೋದಿಲ್ಲ. ಅಳೆಯೋಕೆ ಕೈಯಲ್ಲಿ ಹಿಡಿಯೋ ಮೀಟರ್ ಇದೆ. ಕಾದ ಎಣ್ಣೆಯಲ್ಲಿ ಅದ್ದಿದರೆ ಅಂಕಿ ತೋರಿಸುತ್ತದೆ.

ಯಾವ ಎಣ್ಣೆ ಬೇಗ ಕೆಡುತ್ತದೆ? ಸೂರ್ಯಕಾಂತಿ ಎಣ್ಣೆ ಕಾಯುತ್ತಾ ಹೋದಂಗೆ ಬೇಗ ಹಳಸುತ್ತದೆ. ಶೇಂಗಾ ಎಣ್ಣೆ ಅದಕ್ಕಿಂತ ತಡೆಯುತ್ತದೆ. ತಾಳೆ ಎಣ್ಣೆ ಇನ್ನೂ ತಡೆಯುತ್ತದೆ, ಆದರೆ ಅದರಲ್ಲಿ ಹೃದಯಕ್ಕೆ ಒಳ್ಳೆಯದಲ್ಲದ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ. "ನಮ್ದು ಗಾಣದ ಎಣ್ಣಿ ರೀ, ಏನೂ ಆಗಂಗಿಲ್ಲ" ಅನ್ನೋರಿಗೆ ಒಂದು ಮಾತು: ರಿಫೈನ್ ಮಾಡದ ಶೇಂಗಾ ಎಣ್ಣೆ ಸುಮಾರು 160 ಡಿಗ್ರಿಗೇ ಹೊಗೆ ಬಿಡೋಕೆ ಶುರು ಮಾಡುತ್ತದೆ, ಬಜಿಗೆ ಬೇಕಾದ ಶಾಖ ಅದಕ್ಕಿಂತ ಹೆಚ್ಚು. ಒಗ್ಗರಣೆಗೆ ಗಾಣದ ಎಣ್ಣೆ ರಾಜ, ಕಡಾಯಿಯಲ್ಲಿ ಅದಕ್ಕೆ ಸಿಟ್ಟು ಬೇಗ.

*ಕಾನೂನು ಏನ್ ಹೇಳ್ತದೆ?*

ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಕರಿಯೋ ಎಣ್ಣೆಯಲ್ಲಿ ಟಿಪಿಸಿ ಶೇ. 25 ದಾಟಬಾರದು ಅಂತ ನಿಯಮ ಮಾಡಿದೆ. 2018ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ಶೇ. 25 ದಾಟಿದ ಎಣ್ಣೆ ಅಡುಗೆಗೆ ಲಾಯಕ್ಕಿಲ್ಲ. ಮೊದಲ ದಿನ ಬಂದ ಎಣ್ಣೆಯಾದರೂ ಅಷ್ಟೇ, ಮೂರನೇ ದಿನದ್ದಾದರೂ ಅಷ್ಟೇ. ಲೆಕ್ಕ ದಿನದ ಮೇಲಲ್ಲ, ಎಣ್ಣೆ ಎಷ್ಟು ಕೆಟ್ಟಿದೆ ಅನ್ನೋದರ ಮೇಲೆ.

ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆ ಬಳಸೋ ದೊಡ್ಡ ಹೋಟೆಲ್, ಖಾರಾ ಫ್ಯಾಕ್ಟರಿಗಳು ಎಣ್ಣೆಯ ಲೆಕ್ಕದ ಪುಸ್ತಕ ಇಡಬೇಕು, ಬಳಸಿದ ಎಣ್ಣೆಯನ್ನು ಅನುಮತಿ ಇದ್ದ ಸಂಗ್ರಹಕಾರರಿಗೇ ಕೊಡಬೇಕು. 2018ರ ಆಗಸ್ಟ್ 10ರಂದು, ವಿಶ್ವ ಜೈವಿಕ ಇಂಧನ ದಿನ, 'ರುಕೋ' ಅನ್ನೋ ಯೋಜನೆ ಶುರುವಾಯ್ತು. ಕರಿದು ಮುಗಿದ ಎಣ್ಣೆಯನ್ನು ಕೂಡಿಸಿ ಬಯೋಡೀಸೆಲ್ ಮಾಡೋದು ಅದರ ಉದ್ದೇಶ. ಹಿಂದಿಯಲ್ಲಿ ರುಕೋ ಅಂದರೆ ನಿಲ್ಲು. ಬಜಿ ಎಣ್ಣೆಯಲ್ಲಿ ಲಾರಿ ಓಡಿಸೋದು ಕೇಳೋಕೆ ನಗು ಬರುತ್ತದೆ, ಆದರೆ ಅದೇ ಎಣ್ಣೆಯನ್ನು ನಮ್ಮ ಹೊಟ್ಟೆಯಲ್ಲಿ ಓಡಿಸೋದಕ್ಕಿಂತ ಅದು ಎಷ್ಟೋ ಮೇಲು.

ನಮ್ಮ ತಾಲೂಕಿನ ಗಾಡಿಗಳು 50 ಲೀಟರಿನ ಲೆಕ್ಕಕ್ಕೆ ಬರೋದಿಲ್ಲ. ಆದರೆ ಶೇ. 25ರ ಮಿತಿ ಗಾಡಿ, ಗೂಡಂಗಡಿ, ಹೋಟೆಲ್ ಎಲ್ಲದಕ್ಕೂ ಒಂದೇ. ಅಪಾಯ ಇರೋದು ನಡುವೆ ಎಲ್ಲೋ: ದೊಡ್ಡ ಕಡಾಯಿಯಲ್ಲಿ ಕಪ್ಪಾದ ಎಣ್ಣೆ ಅಗ್ಗಕ್ಕೆ ಸಿಗುತ್ತದೆ ಅಂತ ಸಣ್ಣ ಕಡಾಯಿಗೆ ಇಳಿಯೋದು. ಹಂಗೆ ಯಾರಾದರೂ ಡಬ್ಬಿ ಹಿಡಿದುಕೊಂಡು ಬಂದು "ಅರ್ಧ ರೇಟಿಗೆ ಕೊಡ್ತೀನಿ" ಅಂದರೆ ಅದು ಎಣ್ಣೆ ಅಲ್ಲ, ಎಣ್ಣೆಯ ಹೆಣ ಅಂತ ತಿಳಕೊಳ್ರಿ.

ಇನ್ನು ಮನೆಗಳಿಗೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಆಹಾರ ಮಾರ್ಗಸೂಚಿ ಹೊರಡಿಸಿತು. ಒಮ್ಮೆ ಕರಿದ ಎಣ್ಣೆಯನ್ನು ಸೋಸಿ ಪಲ್ಯ, ಸಾರಿಗೆ ಬಳಸಬಹುದು, ಮತ್ತೆ ಕರಿಯೋಕೆ ಬಳಸಬಾರದು, ಒಂದೆರಡು ದಿನದೊಳಗೆ ಮುಗಿಸಬೇಕು ಅಂತ ಅದರಲ್ಲಿದೆ. ಹಬ್ಬದ ಕರ್ಚಿಕಾಯಿ ಎಣ್ಣೆಯನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು ಮುಂದಿನ ಹಬ್ಬಕ್ಕೆ ಕಾಯೋ ನಮ್ಮ ಅವ್ವಂದಿರು ಇದನ್ನು ಎರಡು ಸಲ ಓದಬೇಕು. ನಮ್ಮವ್ವಗ ನಾನೇ ಓದಿ ಹೇಳಿದೆ. "ಆ ಸಂಸ್ಥೆಯವರ ಮನ್ಯಾಗ ಎಣ್ಣಿ ಪುಗಸಟ್ಟೆ ಬರತೈತೇನೋ" ಅಂದಳು.

*ಮುಕ್ಕಾಲು ರೂಪಾಯಿ ಲೆಕ್ಕ*

ಅವ್ವನ ಮಾತಿನಲ್ಲೇ ಅಸಲಿ ಸಮಸ್ಯೆ ಇದೆ. ಎಣ್ಣೆ ಚೆಲ್ಲದೆ ಇರೋದು ಕೆಟ್ಟತನಕ್ಕಲ್ಲ, ರೇಟಿಗೆ ಹೆದರಿ. ನಮ್ಮ ದೇಶ ತಿನ್ನೋ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿಂದ ಬರುತ್ತದೆ. 2024ರ ಸೆಪ್ಟೆಂಬರ್ 14ರಿಂದ ಕೇಂದ್ರ ಸರ್ಕಾರ ಕಚ್ಚಾ ತಾಳೆ, ಸೋಯಾ, ಸೂರ್ಯಕಾಂತಿ ಎಣ್ಣೆ ಮೇಲಿನ ಮೂಲ ಆಮದು ಸುಂಕವನ್ನು ಸೊನ್ನೆಯಿಂದ ಶೇ. 20ಕ್ಕೆ ಏರಿಸಿತು. 2025ರ ಮೇ ಕೊನೆಗೆ ಅದನ್ನು ಶೇ. 10ಕ್ಕೆ ಇಳಿಸಿತು. ದಿಲ್ಲಿಯಲ್ಲಿ ಸುಂಕ ಏರಿದರೆ ಮುಂಡರಗಿಯ ಕಡಾಯಿಯಲ್ಲಿ ಎಣ್ಣೆಯ ಆಯುಷ್ಯ ಏರುತ್ತದೆ, ಅಷ್ಟೇ.

ಒಂದು ಲೆಕ್ಕ ಹಾಕೋಣ. ಮಾವನ ಗಾಡಿಯಂಥದ್ದೇ ಒಂದು ಗಾಡಿ ಅಂದುಕೊಳ್ಳಿ. ದಿನಕ್ಕೆ 400 ಬಜಿ ಹೋಗುತ್ತವೆ. ರಾತ್ರಿ ಕಡಾಯಿಯಲ್ಲಿ 2 ಲೀಟರ್ ಎಣ್ಣೆ ಉಳಿಯುತ್ತದೆ. ಲೀಟರಿಗೆ 150 ರೂಪಾಯಿ ಹಿಡಿದರೂ 300 ರೂಪಾಯಿ. ಅದನ್ನು ಪೂರ್ತಿ ಬಿಟ್ಟುಕೊಟ್ಟರೆ ಬಜಿಗೆ ಬೀಳೋದು 75 ಪೈಸೆ. ನಾಲ್ಕು ಬಜಿಯ ಪ್ಲೇಟಿಗೆ 3 ರೂಪಾಯಿ.

ಈ ಲೆಕ್ಕವನ್ನು ಮೊಬೈಲಿನಲ್ಲಿ ಹಾಕಿ ಮಾವನಿಗೆ ತೋರಿಸಿದೆ. ಮಾವ ಝಾರಿ ಕೆಳಗಿಟ್ಟು ಕೇಳಿದ: "ತಿಂಗಳಿಗೆ ಎಷ್ಟಾತು?" ಒಂಬತ್ತು ಸಾವಿರ. ಮಾವ ಝಾರಿ ಮತ್ತೆ ಎತ್ತಿಕೊಂಡ. "ಅದು ನಿನ್ನ ತಂಗಿ ಕಾಲೇಜಿನ ಬಸ್ ಪಾಸು, ಮನಿ ಬಾಡಿಗಿ, ಎಲ್ಲಾ ಸೇರಿ. ನೀ ಡಿಗ್ರಿ ಬಿಟ್ಟಂಗ ನಾ ಎಣ್ಣಿ ಬಿಡಾಕ ಬರಂಗಿಲ್ಲ." ಈ ಮಾತಿಗೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಗಿರಾಕಿಗೆ ಮುಕ್ಕಾಲು ರೂಪಾಯಿ, ಗಾಡಿಯವನಿಗೆ ಒಂಬತ್ತು ಸಾವಿರ. ಎರಡೂ ಒಂದೇ ಎಣ್ಣೆ.

ಆದರೆ ನಡುವಿನ ದಾರಿ ಇದೆ. ಮಾವ ಈಗ ಅದನ್ನೇ ಮಾಡುತ್ತಿದ್ದಾನೆ. ದೊಡ್ಡ ಕಡಾಯಿ ಬಿಟ್ಟು ಸಣ್ಣ ಕಡಾಯಿ ಹಿಡಿದ. ಗಾಡಿ ಮುಚ್ಚೋ ಒಂದು ತಾಸಿನ ಮುಂಚೆ ಹೊಸ ಎಣ್ಣೆ ಸುರಿಯೋದು ನಿಲ್ಲಿಸಿದ. ಬಜಿಗಳೇ ಎಣ್ಣೆ ಹೀರಿಕೊಂಡು ಹೋಗೋದರಿಂದ ರಾತ್ರಿ ಉಳಿಯೋದು ಒಂದು ಲೀಟರೂ ಇಲ್ಲ. ಅಲ್ಲಿಗೆ ನಷ್ಟ ಅರ್ಧಕ್ಕೆ ಇಳಿಯಿತು. ಪ್ಲೇಟಿಗೆ 2 ರೂಪಾಯಿ ಏರಿಸಿದ. ಎರಡು ದಿನ ಗೊಣಗಿದ ಗಿರಾಕಿಗಳು ಮೂರನೇ ದಿನ ಮರೆತರು. ಪೆಟ್ರೋಲ್ ಏರಿದ್ದನ್ನೇ ಮರೆತವರು ನಾವು.

ಗದ್ದಲ ಇರೋ ಗಾಡಿಗೆ ಇನ್ನೊಂದು ಲಾಭ ಇದೆ. ವ್ಯಾಪಾರ ಜೋರಿದ್ದಷ್ಟೂ ಎಣ್ಣೆ ಬೇಗ ಖರ್ಚಾಗಿ ಹೊಸದು ಬರುತ್ತಿರುತ್ತದೆ. ಗಿರಾಕಿ ಇಲ್ಲದೆ ಸುಮ್ಮನೆ ಕಾಯುತ್ತಾ ಕೂತ ಎಣ್ಣೆಯೇ ಹೆಚ್ಚು ಕೆಡೋದು. ಗಿರಾಕಿ ಇಲ್ಲದಾಗ ಉರಿ ಸಣ್ಣ ಮಾಡಿದರೆ ಎಣ್ಣೆಯೂ ಉಳಿಯಿತು, ಗ್ಯಾಸೂ ಉಳಿಯಿತು. ಆದರೆ ನಿನ್ನೆಯ ಕಪ್ಪು ಎಣ್ಣೆ ಮೇಲೆ ಇವತ್ತಿನ ಹೊಸ ಎಣ್ಣೆ ಹಾಕಿದರೆ ಹಳೆಯದು ಹೊಸದಾಗೋದಿಲ್ಲ, ಹೊಸದೇ ಬೇಗ ಹಳೆಯದಾಗುತ್ತದೆ. ಮೊಸರು ಹೆಪ್ಪು ಹಾಕಿದಂಗೆ. ತಿಂಗಳುಗಟ್ಟಲೆ ನಾನು ಮಾಡಿದ್ದು ಅದನ್ನೇ.

*ಕೆಂಪು ಗೋಬಿಯ ಕೋರ್ಟು ಕಚೇರಿ*

ಎಣ್ಣೆ ಆಯಿತು, ಇನ್ನು ಬಣ್ಣ. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ರಾಜ್ಯದಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ಕೃತಕ ಬಣ್ಣ ಹಾಕೋದನ್ನು ನಿಷೇಧಿಸಿದ್ದು ನೆನಪಿರಬಹುದು. ಅವತ್ತು ಅರ್ಧ ಊರು "ಗೋಬಿ ಬ್ಯಾನ್ ಆತಂತ" ಅಂತ ಸ್ಟೇಟಸ್ ಹಾಕಿತ್ತು. ಬ್ಯಾನ್ ಆಗಿದ್ದು ಗೋಬಿ ಅಲ್ಲ, ಅದರ ಮೇಕಪ್ಪು. ರಾಜ್ಯದಲ್ಲಿ ಪರೀಕ್ಷೆ ಮಾಡಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಹಾಕಬಾರದ ಬಣ್ಣ ಸಿಕ್ಕಿತ್ತು. ಬಾಂಬೆ ಮಿಠಾಯಿಯ 25 ಮಾದರಿಗಳಲ್ಲಿ 15. ಅದೇ ವರ್ಷ ಜೂನ್‌ನಲ್ಲಿ ಕಬಾಬ್ ಸರದಿ ಬಂತು: 39 ಮಾದರಿಗಳಲ್ಲಿ 8 ಫೇಲ್, ಅಲ್ಲಿಗೂ ಬಣ್ಣ ನಿಷೇಧ. ತಪ್ಪಿದರೆ 7 ವರ್ಷ ಜೈಲು, 10 ಲಕ್ಷ ದಂಡದವರೆಗೆ ಆಗಬಹುದು ಅಂತ ಸರ್ಕಾರ ಎಚ್ಚರಿಸಿತು.

ಅಂಗಡಿಯವರು ಕೇಳೋ ಪ್ರಶ್ನೆ ನ್ಯಾಯವಾದದ್ದೇ: "ಪ್ಯಾಕೆಟ್ ಮ್ಯಾಲೆ ತಿನ್ನೋ ಬಣ್ಣ ಅಂತ ಬರದೈತಿ, ಕಿರಾಣಿ ಅಂಗಡ್ಯಾಗ ಸಿಗತೈತಿ, ನಾ ಹಾಕಿದ್ರ ತಪ್ಪೇನು?" ಉತ್ತರ ಹೀಗಿದೆ. ಬಣ್ಣದಲ್ಲಿ ಎರಡು ಜಾತಿ. ಟಾರ್ಟ್ರಝೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೊಯ್ಸಿನ್ ಇವು ಕೆಲವು ತಿನಿಸಿಗೆ ಮಾತ್ರ, ಅಂದರೆ ಕೆಲವು ಸಿಹಿತಿಂಡಿ, ಐಸ್‌ಕ್ರೀಮ್, ಬಿಸ್ಕತ್ತಿನಂಥವಕ್ಕೆ, ಮಿತಿಯೊಳಗೆ ಹಾಕಲು ಅನುಮತಿ ಇರೋವು. ಗೋಬಿಗೆ, ಕಬಾಬಿಗೆ ಅನುಮತಿ ಇಲ್ಲ. ಟ್ರ್ಯಾಕ್ಟರ್ ಲೈಸೆನ್ಸ್ ಇದ್ದವ ವಿಮಾನ ಓಡಿಸೋಕೆ ಬರೋದಿಲ್ಲವಲ್ಲ, ಹಂಗ. ಎರಡನೇ ಜಾತಿ ರೋಡಮೈನ್-ಬಿ. ಇದು ಬಟ್ಟೆಗೆ, ಕಾಗದಕ್ಕೆ ಹಾಕೋ ಗುಲಾಬಿ ಬಣ್ಣ. ಇದಕ್ಕೆ ಯಾವ ತಿನಿಸಿನಲ್ಲೂ ಜಾಗ ಇಲ್ಲ. ಬಣ್ಣ ಹಾಕೋದು ಬೆಟಗೇರಿ ಮಗ್ಗದ ನೂಲಿಗೆ ಚೆಂದ, ಮಕ್ಕಳ ನಾಲಿಗೆಗಲ್ಲ.

ಕೆಂಪು ಬೇಕೇ ಬೇಕು ಅನ್ನೋರಿಗೆ ಬ್ಯಾಡಗಿ ಮೆಣಸಿನಕಾಯಿ ಪಕ್ಕದ ಜಿಲ್ಲೆಯಲ್ಲೇ ಇದೆ. ಖಾರ ಕಡಿಮೆ, ಬಣ್ಣ ಭರ್ತಿ. ಜಗತ್ತಿಗೆ ಬಣ್ಣ ಕಳಿಸೋ ಊರಿನ ಪಕ್ಕದಲ್ಲಿದ್ದು ನಾವು ಪ್ಯಾಕೆಟ್ ಬಣ್ಣ ಹಾಕೋದು, ತುಂಗಭದ್ರೆ ದಂಡೆಯಲ್ಲಿ ನಿಂತು ಬಾಟಲಿ ನೀರು ಕೊಂಡಂಗೆ.

*ನಮ್ಮ ಸುದ್ದಿಯಲ್ಲಿ ಬಜಿ ಕಟ್ಟೋಕೆ ಬರೋದಿಲ್ಲ*

ನನ್ನ ಮೊದಲ ವರದಿ ಕಾಗದದಲ್ಲಿ ಅಚ್ಚಾದ ದಿನ ಮನೆಯಲ್ಲಿ ಹಬ್ಬ. ನಾಲ್ಕು ದಿನದ ಮೇಲೆ ಶಿರಹಟ್ಟಿಯಲ್ಲಿ ಮಿರ್ಚಿ ಕಟ್ಟಿಸಿಕೊಂಡೆ. ಬಿಚ್ಚಿದರೆ ಒಳಗೆ ನನ್ನದೇ ವರದಿ. ಹೆಡ್ಡಿಂಗ್ ಎಣ್ಣೆಯಲ್ಲಿ ಮಿಂಚುತ್ತಿತ್ತು, ಕೊನೆಯ ಎರಡು ಸಾಲು ಉಲ್ಟಾ ಅಕ್ಷರದಲ್ಲಿ ಬಜಿ ಮೇಲೆ ಅಚ್ಚಾಗಿದ್ದವು. ಬರೆದದ್ದನ್ನು ನುಂಗಬೇಕಾಗುತ್ತದೆ ಅಂತಾರಲ್ಲ, ನಾನು ನಿಜವಾಗಿ ನುಂಗಿದೆ.

ನಗೋ ವಿಷಯ ಅಲ್ಲ ಅದು. ಎಣ್ಣೆ ಬಿಸಿಗೆ ಮುದ್ರಣದ ಶಾಯಿ ಕರಗಿ ತಿಂಡಿಗೆ ಅಂಟುತ್ತದೆ. ಶಾಯಿಯಲ್ಲಿ ಸೀಸದಂಥ ಭಾರ ಲೋಹ, ಬೇರೆ ರಾಸಾಯನಿಕ ಇರಬಹುದು. ಮೇಲಾಗಿ ಆ ಪೇಪರ್ ನಮ್ಮ ಕೈ ಸೇರೋ ಮುಂಚೆ ಎಷ್ಟು ಮಂದಿ ಎಂಜಲು ಬೆರಳಿನಲ್ಲಿ ತಿರುವಿರುತ್ತಾರೋ. 2016ರ ಡಿಸೆಂಬರ್‌ನಲ್ಲಿ, ಮತ್ತೆ 2023ರ ಸೆಪ್ಟೆಂಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಪೇಪರಿನಲ್ಲಿ ತಿಂಡಿ ಕಟ್ಟಬೇಡಿ ಅಂತ ಹೇಳಿತು. 2018ರ ಪ್ಯಾಕೇಜಿಂಗ್ ನಿಯಮದಲ್ಲೂ ಅದು ನಿಷೇಧ. ಪೇಪರ್ ಮೇಲೆ ಒತ್ತಿ ಎಣ್ಣೆ ಹಿಂಡೋದೂ ಇದರಲ್ಲೇ ಬಂತು. ಮುತ್ತುಗದ ಎಲೆ, ಬಾಳೆ ಎಲೆ, ಅಚ್ಚಿಲ್ಲದ ತಿನಿಸಿನ ಕಾಗದ ಇದ್ದೇ ಇವೆ. ನಮ್ಮಂಥ ವೆಬ್‌ಸೈಟಿನಿಂದ ಜನರಿಗೆ ಒಂದು ಉಪಕಾರ ಆಗಿದೆ: ಮೊಬೈಲಿನಲ್ಲಿ ಬಜಿ ಕಟ್ಟೋಕೆ ಬರೋದಿಲ್ಲ.

*ಹೊಟ್ಟೆ ಕೆಟ್ಟರೆ ಬಜಿಗೆ ಬೈಯೋ ಮುಂಚೆ*

ರಾತ್ರಿ ಹೊಟ್ಟೆ ಕೆಟ್ಟಿತು ಅಂದರೆ ಮೊದಲ ಅನುಮಾನ ಮಿರ್ಚಿ ಮೇಲೆ. ಪಾಪ, 180 ಡಿಗ್ರಿ ಎಣ್ಣೆಯಿಂದ ಎದ್ದು ಬಂದ ಬಜಿಯಲ್ಲಿ ರೋಗಾಣು ಬದುಕೋದು ಕಷ್ಟ. ಹಾಗಾದರೆ ಹೊಟ್ಟೆ ಕೆಡಿಸಿದ್ದು ಯಾರು? ಪಕ್ಕದಲ್ಲಿ ಸಾಧು ಹಂಗೆ ಕೂತ ಚಟ್ನಿ, ಮಧ್ಯಾಹ್ನ ಹೆಚ್ಚಿಟ್ಟ ಉಳ್ಳಾಗಡ್ಡಿ, ಗಿರ್ಮಿಟ್ ಕಲಸಿದ ಕೈ, ಕುಡಿಯೋ ನೀರಿನ ಡ್ರಮ್ಮು. ರೋಗಾಣುಗಳಿಗೆ ಹಿತವಾದ ಶಾಖ 5ರಿಂದ 60 ಡಿಗ್ರಿ ನಡುವೆ. ನಮ್ಮ ಬಯಲುಸೀಮೆಯ ಮಧ್ಯಾಹ್ನ ಅಂದರೆ ಅವಕ್ಕೆ ಜಾತ್ರೆ.

ಚಟ್ನಿಯನ್ನು ಎರಡು ಸಲ ಅರೆದರೆ ಚೆಂದ, ಮಧ್ಯಾಹ್ನ ಒಮ್ಮೆ, ಸಂಜೆ ಒಮ್ಮೆ. ಒಂದೇ ಕೈಯಲ್ಲಿ ನೋಟು ತಗೊಂಡು ಅದೇ ಕೈಯಲ್ಲಿ ಗಿರ್ಮಿಟ್ ಕಲಸೋದು ಬೇಡ. ಫೋನ್‌ಪೇ ಬಂದ ಮೇಲೆ ನೋಟು ಮುಟ್ಟೋ ಕೆಲಸ ಕಡಿಮೆಯಾಗಿದೆ, ಆದರೆ ಫೋನ್ ಮುಟ್ಟೋದು ಹೆಚ್ಚಾಗಿದೆ. "ಹತ್ತು ರೂಪಾಯಿ ಸ್ವೀಕರಿಸಲಾಗಿದೆ" ಅಂತ ಪೆಟ್ಟಿಗೆ ಕೂಗಿದ ಮೇಲೂ ಸ್ಕ್ರೀನ್ ಒರೆಸಿ ನೋಡೋದು ಯಾಕೆ ಅಂತೀನಿ.

ಎಣ್ಣೆಯ ಕಥೆ ಬೇರೆ. ಕೆಟ್ಟ ಎಣ್ಣೆ ಇವತ್ತೇ ಹೊಟ್ಟೆ ಹಿಡಿದು ಬಗ್ಗಿಸೋದಿಲ್ಲ. ಎದೆ ಉರಿ, ಗಂಟಲು ಕೆರೆತ ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಆದರೆ ವರ್ಷಗಟ್ಟಲೆ ಹೋದರೆ ರಕ್ತನಾಳ, ಲಿವರ್ ಲೆಕ್ಕ ಕೇಳುತ್ತವೆ. ಕೂಡಲೇ ತ್ರಾಸು ಕೊಡದಿರೋದರಿಂದಲೇ ಯಾರೂ ದೂರು ಕೊಡೋದಿಲ್ಲ. ಗಿರಾಕಿ ವಾರಕ್ಕೊಮ್ಮೆ ತಿಂದು ಹೋಗುತ್ತಾನೆ. ಆ ಹೊಗೆಯನ್ನು ದಿನಾ ಐದಾರು ತಾಸು ಕುಡಿಯೋನು ಕಡಾಯಿ ಹಿಂದೆ ನಿಂತವನು. ಮಾವನ ಕೆಮ್ಮು ಯಾವುದರಿಂದ ಅಂತ ಡಾಕ್ಟರ್ ಹೇಳಬೇಕು, ನಾನಲ್ಲ. ಆದರೆ ಎಣ್ಣೆ ಹೊಗೆ ಬಿಡೋದು ಕಡಿಮೆಯಾದ ಮೇಲೆ ಗಾಡಿ ಮುಂದೆ ಕಣ್ಣುರಿ ಕಡಿಮೆಯಾಗಿದ್ದು ನನಗೂ ಗೊತ್ತಾಯಿತು.

*ಕಡಾಯಿಗೆ ಬೆಂಕಿ ಹತ್ತಿದರೆ*

ಇದನ್ನು ಮಾತ್ರ ನಗದೆ ಓದಿ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ. ನೀರು ಎಣ್ಣೆಗಿಂತ ಭಾರ, ಕೆಳಗೆ ಇಳಿದು ಒಮ್ಮೆಲೇ ಆವಿಯಾಗಿ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಉರಿಯೋ ಎಣ್ಣೆಯನ್ನು ಆಳೆತ್ತರ ಎಸೆಯುತ್ತದೆ. ಮೊದಲು ಗ್ಯಾಸ್ ಬಂದ್ ಮಾಡಿ. ಕಡಾಯಿ ಎತ್ತಿಕೊಂಡು ಓಡಬೇಡಿ. ದೊಡ್ಡ ತಾಟು ಅಥವಾ ಮುಚ್ಚಳ ಪಕ್ಕದಿಂದ ಜಾರಿಸಿ ಮುಚ್ಚಿ, ತಣ್ಣಗಾಗೋತನಕ ತೆಗೆಯಬೇಡಿ. ಕೈ ಸುಟ್ಟರೆ 20 ನಿಮಿಷ ಹರಿಯೋ ತಣ್ಣೀರು. ಪೇಸ್ಟ್, ಇಂಕು, ಅರಿಶಿನ ಯಾವುದೂ ಬೇಡ. ಸುಟ್ಟಿದ್ದು ದೊಡ್ಡದಿದ್ದರೆ ಕೂಡಲೇ ಆಸ್ಪತ್ರೆ. ಕಪ್ಪತಗುಡ್ಡದ ಗಾಳಿ ನಮ್ಮ ಕಡೆ ಹೆಂಗೆ ಬೀಸುತ್ತದೆ ಅಂತ ಹೇಳಬೇಕಾಗಿಲ್ಲ. ಗಾಡಿ ಒಲೆಗೆ ಮೂರು ಕಡೆ ತಗಡು ಮರೆ ಇರಲಿ, ಮುಚ್ಚಳ ಕೈಗೆ ಸಿಗೋ ಜಾಗದಲ್ಲಿರಲಿ.

*ಗಿರಾಕಿಗೆ ನಾಲ್ಕು, ಅಂಗಡಿಗೆ ಐದು*

ಗಿರಾಕಿ ನೋಡಬೇಕಾದದ್ದು:

1. ಬಣ್ಣ. ಎಣ್ಣೆ ಚಹಾ ಬಣ್ಣಕ್ಕೆ ತಿರುಗಿದರೆ ಎಚ್ಚರ, ಕಾಫಿ ಡಿಕಾಕ್ಷನ್ ಆದರೆ ನಮಸ್ಕಾರ ಹಾಕಿ ಹೊರಡಿ.

2. ನೊರೆ. ಬಜಿ ಬಿಟ್ಟಾಗ ದೊಡ್ಡ ಗುಳ್ಳೆ ಎದ್ದು ಒಡೆದರೆ ಸರಿ. ಸೋಪಿನ ನೊರೆ ಹಂಗೆ ಸಣ್ಣ ನೊರೆ ನಿಂತರೆ ಎಣ್ಣೆ ಮುದುಕ.

3. ಹೊಗೆ. ಹಿಟ್ಟು ಬಿಡೋ ಮುಂಚೆಯೇ ಹೊಗೆ ಏಳುತ್ತಿದ್ದರೆ ಎಣ್ಣೆ ಮುಗಿದಿದೆ ಅಂತ ಅರ್ಥ.

4. ಬೆರಳು. ತಿಂದ ಮೇಲೆ ಕೈ ಜಿಡ್ಡಾಗೋದು ಸಹಜ, ಅಂಟಂಟು ಆಗೋದು ಸಹಜ ಅಲ್ಲ.

ಅಂಗಡಿಯವರು ಮಾಡಬೇಕಾದದ್ದು:

1. ಸುಟ್ಟ ಚೂರುಗಳನ್ನು ಪ್ರತಿ ಘಾಣ ಆದ ಮೇಲೆ ಝಾರಿಯಲ್ಲಿ ತೆಗೆಯಿರಿ.

2. ಉಪ್ಪು, ನೀರು ಎಣ್ಣೆಗೆ ನೇರ ಬೀಳದಂಗೆ ನೋಡಿಕೊಳ್ಳಿ. ತೊಳೆದ ಮೆಣಸಿನಕಾಯಿ ಒರೆಸಿಯೇ ಅದ್ದಿರಿ.

3. ಒಂದು ಚೂರು ಹಿಟ್ಟು ಬಿಟ್ಟು ನೋಡಿ. ತಳಕ್ಕೆ ಕೂತರೆ ಎಣ್ಣೆ ಕಾದಿಲ್ಲ, ಬಿದ್ದ ಕೂಡಲೇ ಕಪ್ಪಾದರೆ ಅತಿ ಕಾದಿದೆ, ಗುಳ್ಳೆ ಬಿಟ್ಟು ತೇಲಿದರೆ ಹದ.

4. ಉಳಿದ ಎಣ್ಣೆಯನ್ನು ಗಟಾರಕ್ಕೆ ಚೆಲ್ಲಬೇಡಿ, ಅದು ಗಟ್ಟಿಯಾಗಿ ಪೈಪ್ ಕಟ್ಟುತ್ತದೆ. ನಾಲ್ಕೈದು ಗಾಡಿಯವರು ಕೂಡಿ ಒಂದು ಡ್ರಮ್ ಇಟ್ಟು, ಅನುಮತಿ ಇದ್ದ ಸಂಗ್ರಹಕಾರರು ಯಾರು ಅಂತ ಆಹಾರ ಸುರಕ್ಷತಾ ಅಧಿಕಾರಿಯನ್ನು ಕೇಳಿ.

5. ನೋಂದಣಿ ಮಾಡಿಸಿ. 2011ರ ನಿಯಮದಲ್ಲಿ ವರ್ಷಕ್ಕೆ 12 ಲಕ್ಷದೊಳಗೆ ವಹಿವಾಟು ಇರೋ ಸಣ್ಣವರಿಗೆ ಲೈಸೆನ್ಸ್ ಬದಲು ಬರೀ ನೋಂದಣಿ, ಶುಲ್ಕ ವರ್ಷಕ್ಕೆ 100 ರೂಪಾಯಿ ಅಂತ ಇಟ್ಟರು. ಮೂರು ಪ್ಲೇಟ್ ಮಿರ್ಚಿ ದುಡ್ಡು. ಹೊಲಸು ಜಾಗದಲ್ಲಿ ತಿಂಡಿ ಮಾಡಿದರೆ 2006ರ ಕಾಯ್ದೆಯ 56ನೇ ಕಲಂನಲ್ಲಿ 1 ಲಕ್ಷದವರೆಗೆ ದಂಡ ಇದೆ ಅನ್ನೋದೂ ನೆನಪಿರಲಿ.

ಗಿರಾಕಿಗೂ ಕಾನೂನಿನಲ್ಲಿ ಒಂದು ಹಕ್ಕಿದೆ, ಬಹಳ ಮಂದಿಗೆ ಗೊತ್ತಿಲ್ಲ. ಅದೇ ಕಾಯ್ದೆಯ 40ನೇ ಕಲಂ ಪ್ರಕಾರ ತಿಂಡಿ ಕೊಂಡವರೂ ಶುಲ್ಕ ಕಟ್ಟಿ ಅದನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಿರಬೇಕು. ತಪ್ಪು ಸಾಬೀತಾದರೆ ಶುಲ್ಕ ವಾಪಸ್. ದೂರು ಕೊಡೋಕೆ ಎಫ್‌ಎಸ್‌ಎಸ್‌ಎಐ ಉಚಿತ ಸಹಾಯವಾಣಿ 1800-112-100.

ಆದರೆ ಸಹಾಯವಾಣಿಗೆ ಮುಂಚೆ ಒಂದು ಸಲ ಗಾಡಿಯವರ ಜೊತೆ ಮಾತಾಡಿ ನೋಡಿ. ಅವರೂ ನಮ್ಮ ಓಣಿಯವರೇ. ನಮಗೆ ಅಗ್ಗದ ಬಜಿಯೂ ಬೇಕು, ಹೊಸ ಎಣ್ಣೆಯೂ ಬೇಕು ಅಂದರೆ ಎರಡರಲ್ಲಿ ಒಂದು ಸುಳ್ಳಾಗಲೇಬೇಕು. ಎರಡು ರೂಪಾಯಿ ಹೆಚ್ಚು ಕೇಳಿದ್ದಕ್ಕೆ ಗಾಡಿ ಬದಲಿಸೋರು ನಾವು, ಕಪ್ಪು ಎಣ್ಣೆ ಬಗ್ಗೆ ಫೇಸ್‌ಬುಕ್ಕಿನಲ್ಲಿ ಬರೆಯೋರೂ ನಾವೇ.

ಮಾವನ ಗಾಡಿಗೆ ಈಗ ಒಂದು ಸಣ್ಣ ಬೋರ್ಡ್ ಹಾಕಿದ್ದೀವಿ. ಕೈಬರಹ ನನ್ನದು, ಕಾಗುಣಿತ ತಂಗಿ ತಿದ್ದಿದ್ದು: "ಇವತ್ತಿನ ಎಣ್ಣಿ ಇವತ್ತಿಗೆ. ಅನುಮಾನ ಇದ್ರ ಕಡಾಯಿ ನೋಡ್ರಿ." ಮೊದಲ ದಿನ ಒಬ್ಬ ಹಿರಿಯರು ನಿಜವಾಗಲೂ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ತಳ ಕಾಣಿಸಿತು. "ಅಲ್ಲೋ, ಇದರಾಗ ಎಣ್ಣೀನ ಹಾಕಿಲ್ಲೇನು?" ಅಂದರು. ಆಮೇಲೆ ಎರಡು ಪ್ಲೇಟ್ ತಿಂದರು.